ಹಲಗೆಯ ಮೇಲೊಂದು ಗೆರೆ

ಪಾಠ ಹೇಳುವುದು ಬಲು ಸುಲಭವೆಂದು ಪಾಠ ಕೇಳುವವರೆಲ್ಲರೂ ತಿಳಿದಿರುತ್ತಾರೆ. ಎರಡು ವರ್ಷಗಳ ಕಾಲ ನಮ್ಮ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕುಳಿತು ಅಧ್ಯಾಪಕರ ಗುಣದೋಷಗಳನ್ನು ತೂಗಿ ನೋಡುತ್ತಿದ್ದ ನನಗೂ ಆ ಭ್ರಮೆ ಇದ್ದಿತು. ಕಳೆದ ಡಿಸೆಂಬರಿನಲ್ಲಿ ಮೂರು ವಾರ ಸೀಮೆಸುಣ್ಣ ಹಿಡಿದು ನಿಂತ ಮೇಲೆ ಅದು ಇಳಿಯಿತು. ಇಳಿದ ಬಗೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಇದರಲ್ಲಿ ನನ್ನ ಜಾಣತನದ ಸಂಗತಿ ಬಹಳವಿಲ್ಲ; ತಪ್ಪಿನ ಸಂಗತಿಯೇ ಹೆಚ್ಚು. ಆದರೂ ನಮ್ಮಲ್ಲಿ ಅನೇಕರು ಮುಂದೆ ಬಿ.ಎಡ್. ಮುಗಿಸಿ ಉಪಾಧ್ಯಾಯರಾಗತಕ್ಕವರು. ಒಬ್ಬನು ಎಡವಿದ ಕಲ್ಲು ಎಲ್ಲಿದೆಯೆಂದು ಹಿಂದೆ ಬರುವವರಿಗೆ ತಿಳಿದಿದ್ದರೆ ಕೆಡುಕೇನೂ ಇಲ್ಲ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯ ಕಡೆ. ಹೊಳೆಯಿಲ್ಲ, ನಾಲೆಯಿಲ್ಲ, ಸಾವಿರ ಅಡಿ ಕೊರೆಸಿದರೂ ಕೆಲವು ಕೊಳವೆ ಬಾವಿಗಳಲ್ಲಿ ದೂಳೇ ಮೇಲೆ ಬರುತ್ತದೆ. ಆದರೂ ರಾಗಿ, ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ ಎಲ್ಲವನ್ನೂ ಬೆಳೆಯುತ್ತೇವೆ. ರೇಷ್ಮೆ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುತ್ತೇವೆ. ನಮ್ಮಲ್ಲಿ ಬಹಳ ಮಂದಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಗೂಡಿನ ಮಾರುಕಟ್ಟೆಗೆ ಹೋದರೆ ನೂಲು ತೆಗೆಯುವವರೊಡನೆ ಅರೆಬರೆ ಉರ್ದು. ಒಂದೇ ಕುಕ್ಕೆ ಗೂಡಿನ ಮೇಲೆ ಮೂರು ಭಾಷೆಗಳಲ್ಲಿ ಚೌಕಾಸಿ ನಡೆಯುತ್ತದೆ. ಕಡೆಗೆ ದರವೊಂದೇ ನಿಲ್ಲುತ್ತದೆ. ಭೇದವೆಂದರೆ ಏನೆಂದು ನಮಗೆ ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲವೆಂದು ನಾನು ತಿಳಿದಿದ್ದೆ.

ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೆ. ಅವರೆಕಾಯಿ ಸುಗ್ಗಿ. ಜಗಲಿಯ ಮೇಲೆ ಅಜ್ಜಿಯ ಜೊತೆಗೆ ಕುಳಿತು ಕಾಳು ಹಿಸುಕುತ್ತಿರುವಾಗ, ನನಗೆ ಹಿಂದೆ ಪಾಠ ಹೇಳಿದ್ದ ಮುಖ್ಯೋಪಾಧ್ಯಾಯರು ಅದೇ ದಾರಿಯಾಗಿ ಬಂದರು. "ಏನಪ್ಪಾ, ರಜೆಯೆಲ್ಲ ಹಿದುಕಬೇಳೆಗೇ ಆಯಿತೋ? ಸಮಾಜ ವಿಜ್ಞಾನದ ಮೇಷ್ಟ್ರು ರಜೆ ಮೇಲೆ ಹೋಗಿದ್ದಾರೆ. ಬಂದು ಎಂಟನೆಯ ತರಗತಿಯವರಿಗೆ ನಾಲ್ಕು ಮಾತು ಹೇಳು. ನಮ್ಮ ರಾಜ್ಯದಲ್ಲಿ ಒಂದೊಂದು ಪ್ರದೇಶಕ್ಕೂ ಏನೇನು ವ್ಯತ್ಯಾಸ, ಅದು ಹೇಗೆ ಬಂತು ಎಂಬುದನ್ನು ಅವರಿಗೆ ಮನಸ್ಸಿಗೆ ಹತ್ತುವಂತೆ ಹೇಳಿದರೆ ಸಾಕು" ಎಂದರು. ಅಜ್ಜಿ ನನಗಿಂತ ಮೊದಲೇ ಒಪ್ಪಿಕೊಂಡರು.

ಅಷ್ಟನ್ನು ಮಾತ್ರ ಹೇಳಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ. ನಾನು ಆಗತಾನೇ ಅಮೆರಿಕದ ಅಂತರ್ಯುದ್ಧದ ಮೇಲೆ ಎಂಟು ಪುಟದ ಉತ್ತರ ಬರೆದು ಬಂದಿದ್ದೆ. ತಲೆಯಲ್ಲಿ ಲಿಂಕನ್ ಇನ್ನೂ ಬಿಸಿಯಾಗಿದ್ದ. ಕರ್ನಾಟಕದ ವಿಷಯಕ್ಕೆ ಬರುವ ಮುನ್ನ, ಒಂದೇ ದೇಶದ ಎರಡು ಭಾಗಗಳು ಬೇರೆ ಬೇರೆ ಬಗೆಯಲ್ಲಿ ಬೆಳೆದರೆ ಏನಾಗುತ್ತದೆಂಬುದಕ್ಕೆ ಆ ದೇಶದ ಉದಾಹರಣೆ ಕೊಟ್ಟರೆ ಮಕ್ಕಳ ಕಣ್ಣು ಅರಳುತ್ತದೆಂದು ಯೋಚಿಸಿದೆ.

ಮೊದಲನೆಯ ದಿನ ಹಾಜರಿ ಕರೆಯುವಾಗಲೇ ಒಂದು ತಮಾಷೆಯಾಯಿತು. ಕಡೆಯ ಬೆಂಚಿನಲ್ಲಿ ಒಬ್ಬನೇ ಕುಳಿತಿದ್ದ ಹುಡುಗನನ್ನು ಯಾವೂರೆಂದು ಕೇಳಿದೆ. "ವಿಜಯಪುರ ರೀ ಸರ" ಎಂದ. ತರಗತಿಯೆಲ್ಲ ನಕ್ಕಿತು. ನಮಗೆ ವಿಜಯಪುರವೆಂದರೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರ; ಬಸ್ಸು ಹತ್ತಿದರೆ ಎಲೆ ಅಡಿಕೆ ಹಾಕಿಕೊಂಡು ಮುಗಿಸುವಷ್ಟರಲ್ಲಿ ಬರುವ ಊರು. "ಅಲ್ಲಿಯೋರು ಹಿಂಗೆ ಮಾತಾಡ್ತಾರೇನೋ?" ಎಂದು ಒಬ್ಬ ಕೂಗಿದ. ಅವನ ವಿಜಯಪುರ ಐನೂರು ಕಿಲೋಮೀಟರಿಗೂ ಆಚೆಯದು. 2014ರವರೆಗೆ ಕಾಗದಪತ್ರಗಳಲ್ಲಿ ಬಿಜಾಪುರವೆಂದಿದ್ದುದು. ನಮ್ಮ ಕಡೆ ನಡೆಯುತ್ತಿದ್ದ ರಸ್ತೆಯ ಕೆಲಸಕ್ಕೆ ಅವನ ತಂದೆತಾಯಿ ಬಂದಿದ್ದರು. ತಗಡಿನ ಶೆಡ್ಡಿನಲ್ಲಿ ಸಂಸಾರ. ಹುಡುಗರು ಅವನಿಗೆ ಆಗಲೇ 'ಉತ್ತರಕುಮಾರ' ಎಂದು ನಾಮಕರಣ ಮಾಡಿದ್ದರು. ನಾನೂ ನಕ್ಕು ಮುಂದಕ್ಕೆ ಹೋದೆ.

ಹಲಗೆಯ ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದೆ. ಎಡಗಡೆಯ ಬೆಂಚುಗಳೆಲ್ಲ ಅಮೆರಿಕದ ಉತ್ತರದ ರಾಜ್ಯಗಳು, ಬಲಗಡೆಯವೆಲ್ಲ ದಕ್ಷಿಣದ ರಾಜ್ಯಗಳು ಎಂದು ಸಾರಿದೆ. "ಇದು 1860ನೆಯ ಇಸವಿ. ನಿಮ್ಮ ನಿಮ್ಮಲ್ಲಿ ಏನೇನಿದೆ, ಬರೆಯೋಣ" ಎಂದೆ. ಉತ್ತರದ ಕೆಳಗೆ ಕಾರ್ಖಾನೆ, ಗೋಧಿ, ದೊಡ್ಡ ಪಟ್ಟಣ, ದೇಶದ ರೈಲುಹಾದಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಎಂದು ಬರೆದೆ. ದಕ್ಷಿಣದ ಕೆಳಗೆ ಹತ್ತಿ, ಹೊಗೆಸೊಪ್ಪು, ಭತ್ತ, ಕಬ್ಬು, ದೊಡ್ಡ ದೊಡ್ಡ ತೋಟ, ಗುಲಾಮರು ಎಂದು ಬರೆದೆ. ಆ ವರ್ಷ ದೇಶದ ರಫ್ತಿನ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯೊಂದರಿಂದಲೇ ಬರುತ್ತಿತ್ತೆಂದು ಹೇಳಿದಾಗ ಬಲಗಡೆಯವರು ಕೈ ತಟ್ಟಿದರು. ಹತ್ತಿಯಿಂದ ಬೀಜ ಬಿಡಿಸುವ ಯಂತ್ರವನ್ನು ಎಲಿ ವಿಟ್ನಿ 1793ರಲ್ಲಿ ಮಾಡಿದ ಮೇಲೆ ಆ ಬೆಳೆ ಹೇಗೆ ಹಬ್ಬಿತೆಂಬುದನ್ನೂ ಹೇಳಿದೆ. ಆಮೇಲೆ ಸುಂಕದ ಜಗಳವನ್ನು ತಂದೆ. ಪರದೇಶದ ಸಾಮಾನಿನ ಮೇಲೆ ಸುಂಕ ಹೆಚ್ಚಾಗಲಿ, ನಮ್ಮ ಕಾರ್ಖಾನೆ ಬದುಕಲಿ ಎಂದು ಉತ್ತರದವರು ಕೇಳುತ್ತಾರೆ. "ನಾವು ಹತ್ತಿ ಮಾರಿ ಇಂಗ್ಲೆಂಡಿಂದ ಸಾಮಾನು ತರಿಸ್ಕೊಂತೀವಿ, ಮಧ್ಯೆ ನಿಮಗ್ಯಾಕೆ ಸುಂಕ?" ಎಂದು ಬಲಗಡೆಯ ಒಬ್ಬ ಹುಡುಗ ಬೆಂಚಿನ ಮೇಲೆ ಗುದ್ದಿ ಕೇಳಿದ. ಗ್ರಾಮಸಭೆಯಲ್ಲಿ ಅವರಪ್ಪ ಗುದ್ದುವುದೂ ಹೀಗೆಯೇ. ಕೊಠಡಿ ಗದ್ದಲದಿಂದ ತುಂಬಿತು. ಇಂಥ ಪಾಠವನ್ನು ಈ ಶಾಲೆ ಕಂಡಿರಲಾರದೆಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಆಗ ಎರಡನೆಯ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ಹೆಚ್ಚು ಮಾತಿನವಳಲ್ಲ.

"ಸಾರ್, ಹತ್ತಿ ಬಿಡಿಸಿದೋರು ಯಾವ ಬೆಂಚಲ್ಲಿ ಕೂತ್ಕೋಬೇಕು?"

"ಅವರು ದಕ್ಷಿಣದಲ್ಲಿ ತಾನೇ ಇದ್ದದ್ದು? ದಕ್ಷಿಣದ ಬೆಂಚಿನಲ್ಲೇ" ಎಂದೆ.

"ಅಲ್ಲಾ ಸಾರ್, ದಕ್ಷಿಣದೋರು ಗೆದ್ದರೆ ಅವರಿಗೇನ್ ಸಿಗುತ್ತೆ?"

ಗಂಟೆ ಹೊಡೆಯಿತು. ನನ್ನ ಭಾಗ್ಯವೆಂದುಕೊಂಡು ಹೊರಗೆ ಬಂದೆ.

ಭಾಗ್ಯ ಬಹಳ ಹೊತ್ತು ನಿಲ್ಲಲಿಲ್ಲ. ಬಿಸಿಯೂಟದ ಹೊತ್ತಿಗೆ ನಲ್ಲಿಯ ಹತ್ತಿರ ಗಲಾಟೆ ಎದ್ದಿತು. ಎಡಗಡೆಯ ಬೆಂಚಿನವರು ನಲ್ಲಿಯನ್ನು ಸುತ್ತುಗಟ್ಟಿ ನಿಂತು, ದಕ್ಷಿಣದವರಿಗೆ ನೀರಿಲ್ಲವೆಂದು ಸಾರಿದ್ದರು. ಬಲಗಡೆಯವರು ತಟ್ಟೆಗಳನ್ನೇ ಆಯುಧವಾಗಿ ಹಿಡಿದಿದ್ದರು. ಬೈಗುಳಕ್ಕೆ ತೆಲುಗೇ ಅನುಕೂಲವಾದುದರಿಂದ ಎರಡು ಪಕ್ಷದವರೂ ಅದನ್ನೇ ಬಳಸುತ್ತಿದ್ದರು. ಕೈಗಾರಿಕೆಗೆ ಜಮೀನು ಕೊಡಬೇಕೋ ಬೇಡವೋ ಎಂಬ ಮಾತಿನಲ್ಲಿ ಈಚಿನ ವರ್ಷಗಳಲ್ಲಿ ನಮ್ಮ ಹೋಬಳಿಯ ಹಳ್ಳಿಗಳಲ್ಲಿ ಎರಡು ಅಭಿಪ್ರಾಯಗಳಾಗಿವೆ. ದೊಡ್ಡವರು ಜಗಲಿಯ ಮೇಲೆ ಆಡಿಕೊಂಡ ಮಾತುಗಳು ಅಂದು ಮಕ್ಕಳ ಬಾಯಲ್ಲಿ ಹಾಗೆಹಾಗೆಯೇ ಕೇಳಿಬಂದವು. ನಾನು ಗದರಿ ಎಲ್ಲರನ್ನೂ ಚದುರಿಸಿದೆ. ಚದುರಿದ ಮೇಲೆ ಗೋಡೆಯ ಪಕ್ಕದಲ್ಲಿ ವಿಜಯಪುರದ ಹುಡುಗ ತೊಳೆಯದ ತಟ್ಟೆ ಹಿಡಿದು ನಿಂತಿದ್ದುದು ಕಂಡಿತು. ಅವನ ಬೆಂಚು ಬಲಗಡೆಯದು; ಆದುದರಿಂದ ಎಡಗಡೆಯವರು ಬಿಡಲಿಲ್ಲ. ಬಲಗಡೆಯವರ ಸಾಲಿಗೆ ಹೋದರೆ, "ನೀನು ಉತ್ತರಕುಮಾರ, ನಿನಗೆ ಇಲ್ಲೇನು ಕೆಲಸ?" ಎಂದು ಅವರು ತಳ್ಳಿದ್ದರು. "ನಡೀತದ ಬಿಡ್ರಿ ಸರ, ಮನ್ಯಾಗ ಕುಡೀತೀನಿ" ಎಂದ. ಅವನ ಮನೆ ಅಲ್ಲಿಂದ ಒಂದೂವರೆ ಮೈಲಿ.

ಆ ರಾತ್ರಿ ನನಗೆ ನಿದ್ರೆ ಬೇಗ ಬರಲಿಲ್ಲ. ನಲ್ಲಿಯ ಜಗಳಕ್ಕಿಂತ ಆ ಹುಡುಗಿಯ ಪ್ರಶ್ನೆ ಹೆಚ್ಚು ಕೊರೆಯುತ್ತಿತ್ತು. ಹಲಗೆಯ ಮೇಲೆ ನಾನು ಬರೆದ ಪಟ್ಟಿ ಕಣ್ಣ ಮುಂದೆ ಬಂದಿತು: ಹತ್ತಿ, ಹೊಗೆಸೊಪ್ಪು, ಭತ್ತ, ಕಬ್ಬು, ತೋಟ, ಗುಲಾಮರು. 'ನಿಮ್ಮಲ್ಲಿ ಏನೇನಿದೆ' ಎಂಬ ಪ್ರಶ್ನೆಗೆ ಉತ್ತರವಾಗಿ ಮನುಷ್ಯರನ್ನು ಬೆಳೆಗಳ ಸಾಲಿನಲ್ಲಿ ಬರೆದಿದ್ದೆ. ತೋಟದ ಯಜಮಾನರು ತಮ್ಮ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದುದೂ ಅದನ್ನೇ. ನೂರ ಅರವತ್ತು ವರ್ಷಗಳ ಮೇಲೆ, ಸರ್ಕಾರಿ ಶಾಲೆಯ ಹಲಗೆಯ ಮೇಲೆ, ಅದೇ ಲೆಕ್ಕವನ್ನು ನಾನು ಯಾವ ಅಳುಕೂ ಇಲ್ಲದೆ ಇಳಿಸಿದ್ದೆ.

ಇದರ ಜೊತೆಗೆ ಇನ್ನೊಂದು ಕಾಗದವೂ ನೆನಪಿಗೆ ಬಂದಿತು. ಕೆಲವು ವರ್ಷಗಳ ಹಿಂದೆ ಖಾತೆಯ ವಿಷಯವಾಗಿ ಅಪ್ಪ ಟ್ರಂಕಿನಿಂದ ಮುತ್ತಾತನ ಕಾಲದ ವಿಭಾಗಪತ್ರವನ್ನು ತೆಗೆದಿದ್ದರು. ಆಗ ಅದನ್ನು ಹಳೆಯ ಅಕ್ಷರದ ಸೊಗಸಿಗಾಗಿ ಓದಿದ್ದೆ. ಬೆಳಗ್ಗೆ ಎದ್ದು ಮತ್ತೆ ತೆಗೆಸಿ ನೋಡಿದೆ. ಹಿರಿಯ ಮಗನ ಪಾಲಿಗೆ ಇಂತಿಷ್ಟು ಹೊಲ, ಬಾವಿಯಲ್ಲಿ ಅರ್ಧ, ಬಿಳಿಯ ಎತ್ತು ಒಂದು, ಕಂದು ಎತ್ತು ಒಂದು, ಗಾಡಿ, ಕೊಪ್ಪರಿಗೆ; ಅದರ ಕೆಳಗೆ 'ಜೀತದಾಳಿನ ಮೇಲಣ ಬಾಕಿ'. ಎತ್ತುಗಳ ಬಣ್ಣವನ್ನು ಬರೆದಿದ್ದರು. ಆಳಿನ ಹೆಸರು ಇರಲಿಲ್ಲ. ಅಜ್ಜಿಯನ್ನು ಕೇಳಿದೆ. "ಇದ್ದ ಒಬ್ಬ. ನಾನು ಮದುವೆಯಾಗಿ ಬಂದಾಗಲೂ ಇದ್ದ. ದನದ ಕೊಟ್ಟಿಗೆ ಹತ್ತಿರ ಮುದ್ದೆ ಇಡುತ್ತಿದ್ದೆವು. ಹೆಸರೇನೋ ಮಗ, ಎಲ್ಲರೂ 'ಲೇ' ಅಂತಲೇ ಕರೆಯೋರು" ಎಂದರು. ಅಜ್ಜಿ ಕೆಟ್ಟವರಲ್ಲ. ಇರುವೆಗೂ ಸಕ್ಕರೆ ಹಾಕುವವರು.

ಆ ದಿನ ತರಗತಿಗೆ ಹೋಗಿ, "ನಿನ್ನೆ ನಾನು ಹಲಗೆಯ ಮೇಲೆ ಒಂದು ತಪ್ಪು ಬರೆದೆ. ಏನೆಂದು ಯಾರು ಹೇಳುತ್ತೀರಿ?" ಎಂದು ಕೇಳಿದೆ. ಮೇಷ್ಟ್ರು ತಪ್ಪು ಮಾಡಿದರೆಂದರೆ ಮಕ್ಕಳಿಗೆ ಹಬ್ಬ. ಕಾಗುಣಿತದಿಂದ ಹಿಡಿದು ನನ್ನ ಅಂಗಿಯ ಗುಂಡಿಯವರೆಗೆ ಹುಡುಕಿದರು. ಕಡೆಗೆ ಆ ಹುಡುಗಿಯೇ, "ಗುಲಾಮರನ್ನ ಹೊಗೆಸೊಪ್ಪಿನ ಪಕ್ಕ ಬರೆದ್ರಿ ಸಾರ್" ಎಂದಳು.

ಪಾಠವನ್ನು ಮೊದಲಿನಿಂದ ಹೇಳಿದೆ. 1860ರ ಜನಗಣತಿಯಲ್ಲಿ ಆ ದೇಶದ ಜನಸಂಖ್ಯೆ ಸುಮಾರು 3 ಕೋಟಿ 14 ಲಕ್ಷ. ಅದರಲ್ಲಿ ಹತ್ತಿರ ಹತ್ತಿರ 40 ಲಕ್ಷ ಜನ ಗುಲಾಮರು. 1850ರಲ್ಲಿಯೂ 1860ರಲ್ಲಿಯೂ ಗುಲಾಮರಿಗೆಂದೇ ಬೇರೆ ಪಟ್ಟಿ ಮಾಡಿದರು. ಯಜಮಾನನ ಹೆಸರನ್ನು ಬರೆದು, ಅದರ ಕೆಳಗೆ ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಇಷ್ಟನ್ನೇ ಬರೆದರು, ಬಹುಮಟ್ಟಿಗೆ ಹೆಸರುಗಳಿಲ್ಲ. ಇದನ್ನು ಹೇಳುವಾಗ ನನಗೆ ನಮ್ಮ ಟ್ರಂಕಿನ ಕಾಗದ ಅಡ್ಡ ಬಂದು ಮಾತು ಒಂದು ಗಳಿಗೆ ನಿಂತಿತು. ದಕ್ಷಿಣ ಕ್ಯಾರೊಲಿನ, ಮಿಸಿಸಿಪ್ಪಿ ಎಂಬ ಎರಡು ರಾಜ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರೇ. "ಹಾಗಾದರೆ, ದಕ್ಷಿಣದವರು ಹೀಗೆ ಹೇಳಿದರು, ದಕ್ಷಿಣದವರು ಹಾಗೆ ಕೇಳಿದರು ಎನ್ನುತ್ತೇವಲ್ಲ, ಆ ದಕ್ಷಿಣದವರು ಎಂದರೆ ಯಾರು?" ಎಂದು ಕೇಳಿದೆ. ಯಾರೂ ಬೆಂಚು ಗುದ್ದಲಿಲ್ಲ.

ಉತ್ತರದವರನ್ನೂ ನಾನು ಬಿಡಲಿಲ್ಲ. ಅಲ್ಲಿನ ಗಿರಣಿಗಳು ನೂಲುತ್ತಿದ್ದುದು ಗುಲಾಮರು ಬಿಡಿಸಿದ ಹತ್ತಿಯನ್ನು. ತೋಟದವರಿಗೆ ಸಾಲ ಕೊಟ್ಟು ಬಡ್ಡಿ ಎಣಿಸುತ್ತಿದ್ದವರಲ್ಲಿ ನ್ಯೂಯಾರ್ಕಿನ ವ್ಯಾಪಾರಿಗಳೂ ಇದ್ದರು. ಗೋಧಿಯ ಸೀಮೆಗೂ ಹತ್ತಿಯ ಸೀಮೆಗೂ ಇರುವ ವ್ಯತ್ಯಾಸದಿಂದ ಯಾರೂ ಒಬ್ಬರನ್ನೊಬ್ಬರು ಕೊಲ್ಲಬೇಕಾಗಿರಲಿಲ್ಲ. ಅವರು ಒಬ್ಬರಿಗೊಬ್ಬರು ಮಾರಿಕೊಂಡು ಬದುಕಿದ್ದರು. ಸುಂಕದ ವಿಷಯದಲ್ಲಿ ಎಷ್ಟೋ ಸಲ ಜಗಳವಾಗಿ ಎಷ್ಟೋ ಸಲ ರಾಜಿಯಾಗಿತ್ತು. ರಾಜಿ ನಿಲ್ಲದೆ ಹೋದದ್ದು ಗುಲಾಮಗಿರಿಯ ವಿಷಯದಲ್ಲಿ. ಹೊಸದಾಗಿ ಸೇರುವ ರಾಜ್ಯಗಳಲ್ಲಿ ಅದು ಇರಬೇಕೋ ಬೇಡವೋ ಎಂದು 1820ರಿಂದಲೂ ಗೆರೆ ಎಳೆದರು, ಅಳಿಸಿದರು, ಮತ್ತೆ ಎಳೆದರು. 1860ರ ನವೆಂಬರಿನಲ್ಲಿ ಲಿಂಕನ್ ಆಯ್ಕೆಯಾದ. ಡಿಸೆಂಬರಿನಲ್ಲಿ ದಕ್ಷಿಣ ಕ್ಯಾರೊಲಿನ ಒಕ್ಕೂಟ ಬಿಟ್ಟಿತು. ಕಡೆಗೆ ಬಿಟ್ಟವು ಹನ್ನೊಂದು ರಾಜ್ಯಗಳು. ಅವುಗಳಲ್ಲಿ ಕೆಲವು, ತಾವು ಬಿಡುವುದಕ್ಕೆ ಗುಲಾಮಗಿರಿಯೇ ಕಾರಣವೆಂದು ತಮ್ಮ ಘೋಷಣೆಯಲ್ಲಿ ತಾವೇ ಬರೆದವು. 1861ರ ಏಪ್ರಿಲ್‌ನಿಂದ ನಾಲ್ಕು ವರ್ಷ ಯುದ್ಧ. ಸತ್ತ ಸೈನಿಕರು ಆರು ಲಕ್ಷಕ್ಕೂ ಮೇಲೆ. "ನೀನು ಕೇಳಿದೆಯಲ್ಲಮ್ಮ, ಅವರು ಯಾವ ಬೆಂಚಿನಲ್ಲಿ ಕೂರಬೇಕೆಂದು? ಅವರು ಕೂತು ಕಾಯಲಿಲ್ಲ. ತಪ್ಪಿಸಿಕೊಂಡು ಓಡಿಬಂದರು, 1863ರ ಜನವರಿ 1ರಂದು ಲಿಂಕನ್ನನ ವಿಮೋಚನೆಯ ಘೋಷಣೆ ಜಾರಿಗೆ ಬಂದಿತು, ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1,80,000 ಕಪ್ಪು ಜನರು ಒಕ್ಕೂಟದ ಸೈನ್ಯದಲ್ಲಿ ಸಿಪಾಯಿಗಳಾಗಿದ್ದರು. 1865ರ ಡಿಸೆಂಬರಿನಲ್ಲಿ ಸಂವಿಧಾನದಿಂದಲೇ ಗುಲಾಮಗಿರಿಯನ್ನು ಕಿತ್ತುಹಾಕಿದರು" ಎಂದೆ. ಅವಳು ಕುಳಿತುಕೊಂಡಳು. ಆ ಮೇಲೆ, ಯಾರೂ ಕೇಳದಿದ್ದರೂ, "ನಮ್ ತಾತನ ಅಪ್ಪ ಜೀತಕ್ಕಿದ್ದರಂತೆ ಸಾರ್" ಎಂದಳು.

ನಾನು ಆ ಮಾತಿಗೆ ಸಿದ್ಧನಾಗಿರಲಿಲ್ಲ. ತಿಳಿದಷ್ಟನ್ನು ಹೇಳಿದೆ. ಜ್ಯೋತಿಬಾ ಫುಲೆಯವರು 1873ರಲ್ಲಿ ಮರಾಠಿಯಲ್ಲಿ 'ಗುಲಾಮಗಿರಿ' ಎಂಬ ಪುಸ್ತಕ ಬರೆದು, ಗುಲಾಮರನ್ನು ಬಿಡಿಸಿದ ಅಮೆರಿಕದ ಜನರಿಗೆ ಅದನ್ನು ಅರ್ಪಿಸಿದರು. ಅಲ್ಲಿಯದನ್ನು ನೋಡಿ ಇಲ್ಲಿಯದನ್ನು ಗುರುತಿಸಿದವರು ನಮ್ಮಲ್ಲಿ ಅಂದೇ ಇದ್ದರು. ನಮ್ಮ ಸಂವಿಧಾನದ 23ನೆಯ ವಿಧಿ 1950ರಿಂದ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ಜೀತಪದ್ಧತಿಯನ್ನು ರದ್ದು ಮಾಡುವುದಕ್ಕೆಂದೇ ಕಾನೂನು ಬಂದದ್ದು 1976ರಲ್ಲಿ. ಲಿಂಕನ್ನನ ಘೋಷಣೆಯಾಗಿ 113 ವರ್ಷಗಳ ಮೇಲೆ. ನಮ್ಮ ಮನೆಯ ಕಾಗದದ ವಿಷಯವನ್ನೂ ಹೇಳಿಬಿಟ್ಟೆ. ಹೇಳಬಾರದಾಗಿತ್ತೋ ಏನೋ, ಆದರೆ ಹೇಳದೆ ಮುಂದಿನ ಪಾಠ ಮಾಡುವುದಕ್ಕೆ ನನ್ನಿಂದಾಗುತ್ತಿರಲಿಲ್ಲ.

ಇನ್ನುಳಿದ ದಿನಗಳಲ್ಲಿ ಕರ್ನಾಟಕಕ್ಕೆ ಬಂದೆ. ಬರುವುದಕ್ಕೆ ದಾರಿಯನ್ನು ಹತ್ತಿಯೇ ತೋರಿಸಿತು. ಅಮೆರಿಕದಲ್ಲಿ ಯುದ್ಧವಾಗಿ ಹತ್ತಿ ಬರುವುದು ನಿಂತಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಕಡೆ ತಿರುಗಿದವು. ಧಾರವಾಡದ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಹತ್ತಿಯ ತಳಿಯನ್ನು ಬೆಳೆಸುವ ಪ್ರಯತ್ನ ನಡೆದಿತ್ತು. ಯುದ್ಧದ ವರ್ಷಗಳಲ್ಲಿ ಅದಕ್ಕೆ ಹಿಂದೆ ಕಾಣದ ಬೆಲೆ ಬಂದಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಆ ಹತ್ತಿಯನ್ನು ಹಡಗಿಗೆ ಏರಿಸಲು ಕಾರವಾರದ ಬಂದರು ಬೇಕಾಯಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಆಧಿಪತ್ಯದಿಂದ ಬಿಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದುದರ ಹಿಂದೆ ಈ ಹತ್ತಿಯ ಆಸೆಯೂ ಇದ್ದಿತು. ಎಲ್ಲಿಯೋ ನಡೆದ ಯುದ್ಧ, ಕನ್ನಡನಾಡಿನ ನಕ್ಷೆಯಲ್ಲಿ ಒಂದು ಗೆರೆಯನ್ನು ಸರಿಸುವುದಕ್ಕೆ ನೆರವಾಯಿತು! ಮಕ್ಕಳಿಗೆ ಇದು ಕಥೆಯಂತೆ ಕೇಳಿತು, ನನಗೂ ಹಾಗೆಯೇ.

ಹೀಗೆ ಗೆರೆಗಳನ್ನು ಪರರು ಎಳೆದುದರಿಂದ ಕನ್ನಡದ ಜನ ಬೇರೆ ಬೇರೆ ಮನೆಗಳಲ್ಲಿ ಬೆಳೆದರು. ನಮ್ಮ ಹಳೆಯ ಮೈಸೂರು ಸಂಸ್ಥಾನದಲ್ಲಿ 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಬಂದಿತು, 1916ರಲ್ಲಿ ವಿಶ್ವವಿದ್ಯಾನಿಲಯವಾಯಿತು. ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರು, ಗುಲ್ಬರ್ಗ, ರಾಯಚೂರುಗಳ ಹುಡುಗನಿಗೆ 1918ರ ಉಸ್ಮಾನಿಯ ವಿಶ್ವವಿದ್ಯಾನಿಲಯದಲ್ಲಿ ಓದಬೇಕಾದರೆ ಉರ್ದುವಿನಲ್ಲಿ ಓದಬೇಕಾಗಿತ್ತು. 1956ರ ನವೆಂಬರ್ 1ರಂದು ಎಲ್ಲರೂ ಒಂದೇ ಮನೆಗೆ ಬಂದೆವು. ಬಡ ನೆಂಟರು ಬಂದರೆ ನಮ್ಮ ಪಾಲು ಕಡಿಮೆಯಾದೀತೆಂದು ಹಳೆಯ ಮೈಸೂರಿನಲ್ಲಿ ಏಕೀಕರಣ ಬೇಡವೆಂದವರೂ ಇದ್ದರು. ಒಂದಾದ ಮೇಲೂ, ಉತ್ತರ ಕರ್ನಾಟಕ ಬೇರೆ ರಾಜ್ಯವಾಗಲಿ ಎಂಬ ಕೂಗು ಆಗಾಗ ಏಳುವುದುಂಟು. ಆ ಕೂಗನ್ನು ಎತ್ತಿದವರನ್ನು ಬೈಯುವುದು ಸುಲಭ. ಅದು ಏಕೆ ಎದ್ದಿತೆಂದು ಲೆಕ್ಕ ನೋಡುವುದು ಕಷ್ಟ.

ಲೆಕ್ಕವೂ ಉಂಟು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗ ಇದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ಎಣಿಸಿತು. ಇವುಗಳಲ್ಲಿ ಉತ್ತರದವು ಎಷ್ಟು, ದಕ್ಷಿಣದವು ಎಷ್ಟು, ಊಹಿಸಿರೆಂದು ಮಕ್ಕಳನ್ನು ಕೇಳಿದೆ. "ನೂರು ಅವರದು, ಹದಿನಾಲ್ಕು ನಮ್ಮದು" ಎಂದು ಒಬ್ಬ ಧಾರಾಳವಾಗಿ ಹಂಚಿದ. ನಿಜವಾಗಿ ಉತ್ತರದವು 59, ದಕ್ಷಿಣದವು 55. ಆದರೆ ತೀರ ಹಿಂದುಳಿದ 39 ತಾಲ್ಲೂಕುಗಳಲ್ಲಿ 26 ಉತ್ತರದವು, 13 ದಕ್ಷಿಣದವು. ಎರಡು ಅಂಕಿಗಳನ್ನೂ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದೆ. ಮೊದಲನೆಯದು ನಮ್ಮ ಜಂಬವನ್ನು ಇಳಿಸುತ್ತದೆ. ಎರಡನೆಯದು ಅವರ ದೂರು ಸುಳ್ಳಲ್ಲವೆಂದು ತೋರಿಸುತ್ತದೆ. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371 (ಜೆ) ವಿಧಿಯಿಂದ ವಿಶೇಷ ಸೌಲಭ್ಯ 2013ರಲ್ಲಿ ಜಾರಿಗೆ ಬಂದುದು ಈ ಲೆಕ್ಕವನ್ನು ತೂಗಿಸುವುದಕ್ಕೆಂದೇ.

ಅಂದು ವಿಜಯಪುರದ ಹುಡುಗನನ್ನು ಮುಂದಕ್ಕೆ ಕರೆದು, ನಿಮ್ಮ ಕಡೆಯ ವಿಷಯ ಹೇಳಪ್ಪ ಎಂದೆ. ಬಹಳ ಹೊತ್ತು ಕಾಲಿನ ಹೆಬ್ಬೆರಳು ನೋಡುತ್ತಿದ್ದ. ಆಮೇಲೆ, "ನಮ್ಮ ಕಡೆ ದ್ರಾಕ್ಷಿ ಭಾಳ ಬೆಳೀತಾರ್ರಿ" ಎಂದ. ಎಡಗಡೆಯಿಂದಲೂ ಬಲಗಡೆಯಿಂದಲೂ ಒಟ್ಟಿಗೆ, "ನಮ್ಮ ವಿಜಯಪುರದ ಕಡೆಯೂ ಅಷ್ಟೇ ಕಣೋ!" ಎಂದರು. ಅಲ್ಲಿಂದ ಮಾತು ತಾನೇ ಹರಿಯಿತು. ಅವರಲ್ಲಿ ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುತ್ತಾರೆ. ನಮ್ಮಲ್ಲಿ ಬೆಂಗಳೂರು ನೀಲಿಯ ಕಪ್ಪು ದ್ರಾಕ್ಷಿ, ಹಾಗೆಯೇ ಬುಟ್ಟಿಗೆ ಹೋಗುತ್ತದೆ. ಅವರಿಗೆ ಜೋಳದ ರೊಟ್ಟಿ, ನಮಗೆ ರಾಗಿ ಮುದ್ದೆ. "ಮತ್ತೆ ಊರು ಯಾಕೆ ಬಿಟ್ಟು ಬಂದಿರಿ?" ಎಂದು ಒಬ್ಬ ಕೇಳಿದ. "ಹೊಲ ಐತ್ರಿ, ನೀರಿಲ್ಲ" ಎಂದ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಹಿಂದಿನಿಂದ ಒಬ್ಬ ಗಂಭೀರವಾಗಿ, "ನಿಮ್ ಬೋರು ಎಷ್ಟು ಅಡಿ ಹಾಕ್ಸಿದ್ರಿ?" ಎಂದು ಕೇಳಿದ. ನೀರಿಲ್ಲದ ಎರಡು ಸೀಮೆಗಳ ಮಕ್ಕಳು ಆಮೇಲೆ ಕೊಳವೆ ಬಾವಿಯ ಆಳದ ಮೇಲೆ ನಡೆಸಿದ ಚರ್ಚೆಗೆ ಯಾವ ಇಂಜಿನಿಯರನೂ ತಲೆದೂಗಬೇಕು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಶುದ್ಧಿಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಾರೆಂದು ಕೇಳಿ ಅವನು ಮೂಗು ಮುರಿದುದನ್ನು ಮಾತ್ರ ಯಾರೂ ಬೇಗ ಕ್ಷಮಿಸಲಿಲ್ಲ.

ಈ ಮೂರು ವಾರಗಳಲ್ಲಿ ನನಗೆ ತೋರಿದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಒಂದು ನಾಡಿನ ಭಾಗಗಳಲ್ಲಿರುವ ವ್ಯತ್ಯಾಸವನ್ನು ಹೇಳುವಾಗ ನಾವು ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆದುಬಿಡುತ್ತೇವೆ. ಆದರೆ ಅವು ಒಂದೇ ಜಾತಿಯವಲ್ಲ. ಮಣ್ಣಿನಿಂದ, ಮಳೆಯಿಂದ ಬಂದ ವ್ಯತ್ಯಾಸ ಒಂದು. ರೊಟ್ಟಿಯೂ ಮುದ್ದೆಯೂ ಅಂಥವು. ಅದರಲ್ಲಿ ಕೊಡುಕೊಳ್ಳುವಿಕೆಯುಂಟು, ಸಂತೋಷವುಂಟು. ಆಳಿದವರಿಂದ, ಚರಿತ್ರೆಯಿಂದ ಬಂದ ವ್ಯತ್ಯಾಸ ಇನ್ನೊಂದು. ಒಂದು ಕಡೆ ಶಾಲೆ ಮೊದಲು ಬಂದುದು, ಇನ್ನೊಂದು ಕಡೆ ತಡವಾದುದು. ಅದನ್ನು ಲೆಕ್ಕ ಹಾಕಿ ತುಂಬಿಕೊಡಬೇಕು. ಒಬ್ಬನು ಇನ್ನೊಬ್ಬನ ಬೆನ್ನ ಮೇಲೆ ಕುಳಿತುದರಿಂದ ಬಂದ ವ್ಯತ್ಯಾಸ ಮೂರನೆಯದು. ಅದನ್ನು 'ನಮ್ಮ ಪ್ರದೇಶದ ಪದ್ಧತಿ' ಎಂದು ಮೊದಲನೆಯ ಪಟ್ಟಿಯಲ್ಲಿ ಸೇರಿಸಿದರೆ, ಮಕ್ಕಳು ಅದನ್ನೂ ರೊಟ್ಟಿ ಮುದ್ದೆಯಂತೆಯೇ ನೋಡುವುದನ್ನು ಕಲಿಯುತ್ತಾರೆ. ಅಮೆರಿಕದಲ್ಲಿ ನಾಲ್ಕು ವರ್ಷ ರಕ್ತ ಹರಿದುದು ಇದಕ್ಕಾಗಿ. ಅದನ್ನು ಹತ್ತಿಗೂ ಕಾರ್ಖಾನೆಗೂ ಆದ ಜಗಳವೆಂದು ಕಲಿಸುವವನು, ಸತ್ತವರಿಗೂ ಅನ್ಯಾಯ ಮಾಡುತ್ತಾನೆ, ಎದುರಿಗೆ ಕುಳಿತ ಮಕ್ಕಳಿಗೂ ಅನ್ಯಾಯ ಮಾಡುತ್ತಾನೆ. ಆ ಮಕ್ಕಳಲ್ಲಿ ಯಾರ ತಾತ ಎಲ್ಲಿ ದುಡಿದಿದ್ದನೆಂಬುದು ನಮಗೆ ತಿಳಿದಿರುವುದಿಲ್ಲ.

ಆದುದರಿಂದ ಮುಂದೆ ಉಪಾಧ್ಯಾಯರಾಗುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಹಲಗೆಯ ನಡುವೆ ಗೆರೆ ಎಳೆಯುವ ಮುನ್ನ, ಎರಡು ಕಡೆಯಲ್ಲಿಯೂ ಜಾಗ ಸಿಗದವರು ಯಾರಾದರೂ ಇದ್ದಾರೆಯೇ ಎಂದು ಕೊಠಡಿಯನ್ನೊಮ್ಮೆ ನೋಡಿಕೊಳ್ಳಿ.

ರಜೆ ಮುಗಿದು ಕಾಲೇಜಿಗೆ ಬಂದೆ. ಈಚೆಗೊಂದು ಭಾನುವಾರ ಬಸ್ಸಿನಲ್ಲಿ ಆ ತರಗತಿಯ ಹುಡುಗನೊಬ್ಬ ಸಿಕ್ಕಿದ. ರಸ್ತೆಯ ಕೆಲಸ ಮುಗಿದು ಉತ್ತರಕುಮಾರನ ಸಂಸಾರ ಹೊರಟುಹೋಯಿತೆಂದು ಹೇಳಿದ. ಎಲ್ಲಿಗೆಂದು ಅವನಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ನಿರ್ವಾಹಕರು, "ವಿಜಯಪುರ, ಯಾರ್ರೀ ವಿಜಯಪುರ?" ಎಂದು ಕೂಗಿದರು. ಹುಡುಗ ನನ್ನ ಕಡೆ ತಿರುಗಿ ನಕ್ಕು, "ಯಾವ ವಿಜಯಪುರ ಅಂತ ಕೇಳಲಾ ಸಾರ್?" ಎಂದ.

ಇನ್ನೊಂದು ಸಂಗತಿ. ನಮ್ಮ ಮನೆಯಲ್ಲಿ ಜೀತಕ್ಕಿದ್ದವರ ಹೆಸರು ಊರಿನ ಕೇರಿಯ ಮುದುಕಿಯೊಬ್ಬರಿಗೆ ನೆನಪಿತ್ತು. ಅವರ ಮನೆಯವರನ್ನು ಇನ್ನೂ ಕೇಳಿಲ್ಲವಾದುದರಿಂದ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವಿಭಾಗಪತ್ರದ ಅಂಚಿನಲ್ಲಿ, ಎರಡು ಎತ್ತುಗಳ ಸಾಲಿಗಿಂತ ಮೇಲೆ, ಸೀಸದ ಕಡ್ಡಿಯಿಂದ ಬರೆದಿದ್ದೇನೆ. ಅಪ್ಪ ನೋಡಿದರು. ಏನೂ ಹೇಳದೆ ಮಡಿಸಿ ಟ್ರಂಕಿನಲ್ಲಿಟ್ಟರು.